ತಡೆದವನಿಗೆ ಲೆಕ್ಕವಿಲ್ಲ

ಹ್ಯಾರಿ ಶೀಜೆಲ್ ಅವರ 2023ರ ಆಟವನ್ನು, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನಲ್ಲಿ ಎಳೆಯ ಡಿಫೆಂಡರ್ ಒಬ್ಬ ಆಡಿದ ಅತ್ಯುತ್ತಮ ಚೊಚ್ಚಲ ಋತುಗಳಲ್ಲಿ ಒಂದೆಂದು ಅಲ್ಲಿನ ಅಭಿಮಾನಿಗಳೂ ಬರಹಗಾರರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಋತು ಅತ್ಯುತ್ತಮವಾಗಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಅದು ಡಿಫೆಂಡರ್‌ನ ಋತುವಾಗಿರಲಿಲ್ಲ. ಅದನ್ನು ಡಿಫೆನ್ಸ್‌ನ ಖಾತೆಗೆ ಜಮಾ ಮಾಡಿಕೊಂಡದ್ದರಿಂದ ಆ ಆಟದಲ್ಲಿ ನಿಜಕ್ಕೂ ಎದುರಾಳಿಯನ್ನು ತಡೆದು ನಿಲ್ಲಿಸುವವರಿಗೆ, ಅದರಲ್ಲೂ ಹದಿನೆಂಟು ಹತ್ತೊಂಬತ್ತರ ಹುಡುಗರಿಗೆ, ಅನ್ಯಾಯವಾಗಿದೆ.

ಮೊದಲು ಶೀಜೆಲ್ ಏನು ಮಾಡಿದರು ಎಂಬುದನ್ನು ಪೂರ್ತಿಯಾಗಿ ಹೇಳಬೇಕು. ಅವರ ಕೆಲಸವನ್ನು ತಗ್ಗಿಸಿ ಹೇಳಿ ವಾದ ಗೆಲ್ಲುವುದು ನನಗೆ ಬೇಡ. ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2022ರಲ್ಲಿ, ಮೂರನೆಯವರಾಗಿ ಆಯ್ಕೆಯಾಗಿ ನಾರ್ತ್ ಮೆಲ್ಬರ್ನ್ ಕ್ಲಬ್ಬಿಗೆ ಬಂದವರು ಅವರು. ಅದಕ್ಕೂ ಮುಂಚೆ ಸ್ಯಾಂಡ್ರಿಂಗಮ್ ಡ್ರ್ಯಾಗನ್ಸ್ ಎಂಬ ಕಿರಿಯರ ತಂಡದಲ್ಲಿ ಗೋಲು ಹೊಡೆಯುವ ಫಾರ್ವರ್ಡ್ ಆಗಿದ್ದರು. ಕೋಚ್ ಅಲಸ್ಟರ್ ಕ್ಲಾರ್ಕ್‌ಸನ್ ಅವರನ್ನು ಮೈದಾನದ ಇನ್ನೊಂದು ತುದಿಗೆ, ಹಾಫ್‌ಬ್ಯಾಕ್ ಸಾಲಿಗೆ ಕಳಿಸಿದರು. ಮೆಲ್ಬರ್ನ್‌ನ ಮಾರ್ವೆಲ್ ಸ್ಟೇಡಿಯಂನಲ್ಲಿ ವೆಸ್ಟ್ ಕೋಸ್ಟ್ ವಿರುದ್ಧ ಮೊದಲ ಪಂದ್ಯ. ಹದಿನೆಂಟರ ಹುಡುಗ 34 ಬಾರಿ ಚೆಂಡು ಪಡೆದು ಮುಂದಕ್ಕೆ ದಾಟಿಸಿದ. ತಂಡ 5 ಪಾಯಿಂಟ್‌ಗಳಿಂದ ಗೆದ್ದಿತು. ಮುಂದಿನ ವಾರ ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ಮೇಲೆ ಒಂದೇ ಪಾಯಿಂಟ್‌ನ ಗೆಲುವು. ಅಲ್ಲಿಂದ ಮುಂದೆ ನಾರ್ತ್ ಮೆಲ್ಬರ್ನ್ ಸತತ 20 ಪಂದ್ಯ ಸೋತಿತು. ಮೇ ತಿಂಗಳಲ್ಲಿ ಕ್ಲಾರ್ಕ್‌ಸನ್ ರಜೆಯ ಮೇಲೆ ಹೋಗಿ, ಬ್ರೆಟ್ ರ‍್ಯಾಟನ್ ಹಂಗಾಮಿಯಾಗಿ ತಂಡ ನೋಡಿಕೊಂಡರು. ಕೊನೆಯ ಪಂದ್ಯ ಗೆದ್ದು, ಹದಿನೆಂಟು ತಂಡಗಳಲ್ಲಿ ಹದಿನೇಳನೆಯ ಸ್ಥಾನಕ್ಕೆ ಬಂದು ನಿಂತದ್ದೇ ಆ ವರ್ಷದ ಸಾಧನೆ. ಇಷ್ಟು ಸೋಲಿನ ನಡುವೆಯೂ ಶೀಜೆಲ್ ಕುಗ್ಗಲಿಲ್ಲ. ಲೀಗಿನ ಶ್ರೇಷ್ಠ ಉದಯೋನ್ಮುಖ ಆಟಗಾರನಿಗೆ ಸಲ್ಲುವ ರೈಸಿಂಗ್ ಸ್ಟಾರ್ ಪ್ರಶಸ್ತಿ ಅವರಿಗೆ ಬಂತು. ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಸಿಡ್ ಬಾರ್ಕರ್ ಪದಕವೂ ಅವರಿಗೇ ಬಂತು.

ಈ ಆಟ ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. 1859ರಲ್ಲಿ ಮೆಲ್ಬರ್ನ್‌ನಲ್ಲಿ ಇದರ ಮೊದಲ ನಿಯಮಗಳು ಬರಹಕ್ಕಿಳಿದವು. ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದೆಂಬ ಯೋಚನೆ ಇದರ ಹುಟ್ಟಿನಲ್ಲೇ ಇತ್ತು. ಇಂದಿಗೂ ಇದನ್ನು ಆಡುವುದು ಅಂಡಾಕಾರದ ಕ್ರಿಕೆಟ್ ಮೈದಾನಗಳಲ್ಲಿ. ಬಾಕ್ಸಿಂಗ್ ಡೇ ಟೆಸ್ಟ್‌ನಿಂದ ನಮಗೆ ಪರಿಚಿತವಾದ ಮೆಲ್ಬರ್ನ್ ಕ್ರಿಕೆಟ್ ಮೈದಾನವೇ ಇದರ ಮುಖ್ಯ ಅಂಗಳ. ಒಂದೊಂದು ಕಡೆ ಹದಿನೆಂಟು ಆಟಗಾರರು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಪಾಯಿಂಟ್. ಅಕ್ಕಪಕ್ಕದ ಸಂದಿಯಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ಒದ್ದ ಚೆಂಡು 15 ಮೀಟರಾದರೂ ಸಾಗಿ, ನೆಲಕ್ಕೆ ಬೀಳುವ ಮೊದಲೇ ಒಬ್ಬನ ಕೈ ಸೇರಿದರೆ ಅದು ಮಾರ್ಕ್. ಹಾಗೆ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ, ನಿಂತು ಗುರಿಯಿಟ್ಟು ಒದೆಯಬಹುದು. ಆಫ್‌ಸೈಡ್ ಎಂಬುದೇ ಇಲ್ಲ. ಚೆಂಡನ್ನು ಒದ್ದರೂ ಮುಷ್ಟಿಯಿಂದ ಹೊಡೆದು ಸಂಗಡಿಗನಿಗೆ ಕೊಟ್ಟರೂ ಅದು ಒಂದು ಡಿಸ್ಪೋಸಲ್. ಮೊದಲ ಪಂದ್ಯದ 34 ಎಂಬ ಸಂಖ್ಯೆ ಇದೇ. ಋತುವಿನುದ್ದಕ್ಕೂ ಶೀಜೆಲ್ ಅವರ ಹೊಗಳಿಕೆ ನಿಂತದ್ದು ಈ ಲೆಕ್ಕದ ಮೇಲೆ.

ಹಾಫ್‌ಬ್ಯಾಕ್‌ನಲ್ಲಿ ನಿಂತವನ ಕೈಗೆ ಚೆಂಡು ಹೇಗೆ ಬರುತ್ತದೆ ಎಂದು ನೋಡಿ. ಎದುರಾಳಿಗಳ ಎತ್ತರದ ಫಾರ್ವರ್ಡ್‌ಗಳ ಮೈಗೆ ಮೈ ಕೊಟ್ಟು ನಿಲ್ಲುವುದು ಎತ್ತರದ ಡಿಫೆಂಡರ್‌ಗಳ ಪಾಲು. ಕೆಳಗೆ ಬಿದ್ದ ಚೆಂಡನ್ನು ಹೆಕ್ಕಿ, ಸಂಗಡಿಗನ ಕೈಯಿಂದ ಪಡೆದು, ತಲೆಯೆತ್ತಿ ದಾರಿ ಹುಡುಕಿ ಮುಂದಕ್ಕೆ ಒದೆಯುವುದು ಒಳ್ಳೆಯ ಕಾಲುಳ್ಳ ಹಾಫ್‌ಬ್ಯಾಕ್‌ನ ಪಾಲು. ತಂಡ ಬೇಕೆಂದೇ ಅವನನ್ನು ಸಡಿಲವಾಗಿ ಬಿಡುತ್ತದೆ, ಬೇಕೆಂದೇ ಚೆಂಡನ್ನು ಅವನ ಕಡೆ ತಿರುಗಿಸುತ್ತದೆ. ಎದುರಾಳಿ ಬಿಹೈಂಡ್ ಹೊಡೆದಾಗ ಗೋಲಿನ ಮುಂದಿನ ಚೌಕದಿಂದ ಚೆಂಡನ್ನು ಮತ್ತೆ ಆಟಕ್ಕೆ ತರುವವನೂ ಸಾಮಾನ್ಯವಾಗಿ ಇಂಥವನೇ. ಚೌಕ ದಾಟಿ ಓಡಿ ಒದ್ದರೆ ಅದೂ ಅವನ ಲೆಕ್ಕಕ್ಕೆ ಸೇರುತ್ತದೆ. ಸೋಲುವ ತಂಡದಲ್ಲಿ ಚೆಂಡು ದಿನವಿಡೀ ಹಿಂದಿನ ಸಾಲಿನಲ್ಲೇ ಇರುತ್ತದೆ. 20 ಪಂದ್ಯ ಸೋತ ತಂಡದಲ್ಲಂತೂ ಹೇಳುವುದೇ ಬೇಡ.

ಇದನ್ನೇ ಹಿಡಿದುಕೊಂಡು ಶೀಜೆಲ್ ಅವರ ಡಿಸ್ಪೋಸಲ್‌ಗಳು ಅಗ್ಗದವು ಎಂದು ಮೂಗು ಮುರಿದವರೂ ಉಂಟು. ಅವರ ಪಕ್ಷ ನನ್ನದಲ್ಲ. ಮೂವರು ಮೈಮೇಲೆ ಬೀಳುತ್ತಿರುವಾಗ ಒಂದು ಉಸಿರಿನಷ್ಟು ಹೊತ್ತು ತಡೆದು ಸರಿಯಾದ ಸಂಗಡಿಗನನ್ನು ಹುಡುಕುವುದು ಅಗ್ಗದ ಕೆಲಸವಲ್ಲ. ಫಾರ್ವರ್ಡ್ ಆಗಿ ಬೆಳೆದವನೊಬ್ಬ ಒಂದೇ ಬೇಸಿಗೆಯ ತರಬೇತಿಯಲ್ಲಿ ಅದನ್ನು ಕಲಿತದ್ದು ದೊಡ್ಡದು. ನನ್ನ ಮಾತು ಬೇರೆ: ಅದು ದಾಳಿ ಶುರು ಮಾಡುವ ಕೆಲಸ. ಅದು ನಡೆಯುವುದು ಹಿಂದಿನ ಸಾಲಿನಲ್ಲಿ ಎಂಬ ಕಾರಣಕ್ಕೆ ಡಿಫೆನ್ಸ್ ಆಗಿಬಿಡುವುದಿಲ್ಲ. 2003ರ ವಿಶ್ವಕಪ್‌ನಲ್ಲಿ ರಾಹುಲ್ ದ್ರಾವಿಡ್ ಅವರ ಕೈಗೆ ಗ್ಲೌಸ್ ಬಂದದ್ದು ತಂಡಕ್ಕೆ ಇನ್ನೊಬ್ಬ ಬ್ಯಾಟ್ಸ್‌ಮನ್ ಸಿಗಲೆಂದು. ಆ ಹೊರೆಯನ್ನು ಅವರು ಶ್ರದ್ಧೆಯಿಂದ ಹೊತ್ತರು, ಭಾರತ ಫೈನಲ್ ತನಕ ಹೋಯಿತು. ಅವರನ್ನು ಅದಕ್ಕಾಗಿ ಗೌರವಿಸುತ್ತೇವೆ, ಆದರೆ ದೇಶದ ದೊಡ್ಡ ವಿಕೆಟ್‌ಕೀಪರ್‌ಗಳ ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ಹಾಗಾದರೆ ಎಳೆಯ ಡಿಫೆಂಡರ್‌ನ ಚೊಚ್ಚಲ ಋತು ಎಂದರೆ ಯಾವುದು? ನನ್ನ ಮಟ್ಟಿಗೆ ಅದು ಜೇಕಬ್ ವೈಟರಿಂಗ್ ಅವರ 2016. 2015ರ ಡ್ರಾಫ್ಟ್‌ನಲ್ಲಿ ಕಾರ್ಲ್ಟನ್ ಕ್ಲಬ್ ಮೊದಲನೆಯವರಾಗಿ ಆರಿಸಿಕೊಂಡ ಹುಡುಗ. ಸೊರಗಿದ ತಂಡ, ಬ್ರೆಂಡನ್ ಬೋಲ್ಟನ್ ಎಂಬ ಹೊಸ ಕೋಚ್. ಋತುವಿನ ಮೊದಲ ರಾತ್ರಿಯೇ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ರಿಚ್ಮಂಡ್ ಎದುರು ಕಣಕ್ಕಿಳಿದರು. ಆಗ ವಯಸ್ಸು ಹದಿನೆಂಟು. ಜೋಶ್ ಕೆನಡಿ, ಲ್ಯಾನ್ಸ್ ಫ್ರಾಂಕ್ಲಿನ್‌ರಂಥ ಫಾರ್ವರ್ಡ್‌ಗಳು ಗೋಲುಗಳ ರಾಶಿ ಹಾಕುತ್ತಿದ್ದ ಕಾಲ ಅದು. ಫ್ರಾಂಕ್ಲಿನ್ ಎತ್ತರವೇ 199 ಸೆಂಟಿಮೀಟರ್. ಅಂಥವರಿರುವ ಲೀಗಿನಲ್ಲಿ ಶಾಲೆ ಮುಗಿಸಿ ಬಂದ ಹುಡುಗ ಗೋಲಿನ ಬಾಯಲ್ಲಿ ನಿಂತ.

ಗೋಲಿನ ಬಾಯಲ್ಲಿ ನಿಲ್ಲುವುದರ ಕಷ್ಟ ಟಿವಿಯಲ್ಲಿ ತಿಳಿಯುವುದಿಲ್ಲ. ಚೆಂಡು ಇನ್ನೂ 60 ಮೀಟರ್ ದೂರದಲ್ಲಿರುವಾಗಲೇ ಜಗಳ ಶುರುವಾಗಿರುತ್ತದೆ. ಫಾರ್ವರ್ಡ್ ಎರಡು ಹೆಜ್ಜೆ ಮುಂದೆ ಬಂದು ಹಿಂದಕ್ಕೆ ತಿರುಗುತ್ತಾನೆ. ಡಿಫೆಂಡರ್ ಮೊದಲ ಓಟಕ್ಕೆ ಮರುಳಾದರೆ ಅಲ್ಲಿಗೆ ಮುಗಿಯಿತು. ಒದೆಯುವವನ ಭುಜ ಯಾವ ಕಡೆ ವಾಲಿದೆ, ಅವನ ಮೇಲೆ ಎಷ್ಟು ಒತ್ತಡವಿದೆ, ಚೆಂಡು ಗಿಡ್ಡ ಬೀಳುತ್ತದೋ ತಲೆಮೇಲೆ ಹಾಯುತ್ತದೋ, ಇದನ್ನೆಲ್ಲ ಓದುತ್ತಲೇ ಪಕ್ಕದವನ ತೂಕವನ್ನು ಸೊಂಟದಲ್ಲಿ ತಡೆಯಬೇಕು. ಕೈಯಿಂದ ತಳ್ಳಿದರೆ ಫ್ರೀ ಕಿಕ್. ಅವನ ತೋಳಿಗೆ ಏಟು ಬಿದ್ದರೆ ಫ್ರೀ ಕಿಕ್. ಹಿಂದಿನಿಂದ ಜಿಗಿದು, ಎರಡು ಬೇರೆ ಕೈಗಳ ನಡುವಿನ ಚೆಂಡಿಗೆ ಮಾತ್ರ ಮುಷ್ಟಿ ತಾಗಿಸಬೇಕು. ಇದಕ್ಕೆ ಸ್ಪಾಯ್ಲ್ ಎನ್ನುತ್ತಾರೆ. ಗುದ್ದಿದ್ದು ಮುಂದಕ್ಕೇ ಬಿದ್ದರೆ ಕಾಲಬುಡದಲ್ಲಿ ಹೊಂಚು ಹಾಕಿ ನಿಂತ ಗಿಡ್ಡ ಫಾರ್ವರ್ಡ್ ಹೆಕ್ಕಿ ಗೋಲು ಹೊಡೆಯುತ್ತಾನೆ. ಆದ್ದರಿಂದ ಗುದ್ದಿದರೆ ಸಾಲದು, ಅಂಚಿನ ಗೆರೆಯ ಕಡೆಗೆ ಗುದ್ದಬೇಕು. ಹತ್ತು ಸಲ ಸರಿಯಾಗಿ ಮಾಡಿ ಹನ್ನೊಂದನೆಯದರಲ್ಲಿ ಅರೆಗಳಿಗೆ ತಡವಾದರೆ ರಾತ್ರಿಯ ಸುದ್ದಿಯಲ್ಲಿ ಕಾಣುವುದು ಆ ಹನ್ನೊಂದನೆಯದು.

ವೈಟರಿಂಗ್ ಆ ವರ್ಷ ಇದನ್ನು ವಾರವಾರವೂ ಮಾಡಿದರು. ಎಲ್ಲ ದಿನವೂ ಗೆಲ್ಲಲಿಲ್ಲ. ಗೆಲ್ಲಲು ಅವರ ಮೈ ಇನ್ನೂ ಬಲಿತಿರಲಿಲ್ಲ. ಕಾರ್ಲ್ಟನ್ 7 ಪಂದ್ಯ ಗೆದ್ದು ಹದಿನಾಲ್ಕನೆಯದಾಯಿತು. ಅವರಲ್ಲಿ ನನ್ನನ್ನು ಸೆಳೆದದ್ದು ಜಾಗ ಹಿಡಿಯುವ ತಾಳ್ಮೆ. ಚೆಂಡಿನ ಆಸೆಗೆ ಬಿದ್ದು ತಮ್ಮವನನ್ನು ಬಿಟ್ಟು ಓಡುವ ಎಳೆಯರ ಚಟ ಅವರಲ್ಲಿ ಕಡಿಮೆಯಿತ್ತು. ಆ ವರ್ಷದ ರೈಸಿಂಗ್ ಸ್ಟಾರ್ ಹೋದದ್ದು ಸಿಡ್ನಿಯ ಹಾಫ್‌ಬ್ಯಾಕ್ ಕ್ಯಾಲಂ ಮಿಲ್ಸ್ ಅವರಿಗೆ. ಮಿಲ್ಸ್ ಗ್ರ್ಯಾಂಡ್ ಫೈನಲ್ ತನಕ ಹೋದ ತಂಡದಲ್ಲಿದ್ದರು, ಚೆಂಡಿನ ದಾರಿ ಮೊದಲೇ ಊಹಿಸಿ ಅಡ್ಡಬರುವ ಕಲೆ ಅವರಿಗೆ ಇತ್ತು. ಪ್ರಶಸ್ತಿಗೆ ಅವರು ಅನರ್ಹರೆಂದು ಹೇಳಲಾರೆ. ಆದರೂ ತೂಗಿ ನೋಡಿದರೆ ವೈಟರಿಂಗ್ ಮಾಡಿದ್ದು ಹೆಚ್ಚು ಕಷ್ಟದ ಕೆಲಸ ಎಂಬುದು ನನ್ನ ತೀರ್ಮಾನ.

ತಡೆಯುವ ಕೆಲಸಕ್ಕೆ ಬೆಲೆ ಸಿಗುತ್ತಿಲ್ಲ ಎಂಬುದಕ್ಕೆ 1993ರಿಂದ ಕೊಡುತ್ತಿರುವ ಆ ಪ್ರಶಸ್ತಿಯ ಇತಿಹಾಸವೇ ಸಾಕ್ಷಿ. 2011ರಲ್ಲಿ ಎಸೆಂಡನ್‌ನ ಡೈಸನ್ ಹೆಪೆಲ್, 2016ರಲ್ಲಿ ಮಿಲ್ಸ್, 2017ರಲ್ಲಿ ಆ್ಯಂಡ್ರೂ ಮ್ಯಾಕ್‌ಗ್ರಾತ್, 2022ರಲ್ಲಿ ಕಾಲಿಂಗ್‌ವುಡ್‌ನ ನಿಕ್ ಡೇಕಾಸ್, 2023ರಲ್ಲಿ ಶೀಜೆಲ್, ಇವರೆಲ್ಲ ಮೊದಲ ವರ್ಷ ಹಾಫ್‌ಬ್ಯಾಕ್‌ನಲ್ಲಿ ಆಡಿ ಗೆದ್ದವರು. ಆಮೇಲೆ ಇವರು ಎಲ್ಲಿಗೆ ಹೋದರು? ಮಿಡ್‌ಫೀಲ್ಡ್‌ಗೆ. ಮ್ಯಾಕ್‌ಗ್ರಾತ್, ಹೆಪೆಲ್ ಮುಂದೆ ಮತ್ತೆ ಹಿಂದಿನ ಸಾಲಿಗೆ ಬಂದದ್ದುಂಟು, ಆದರೆ ಕ್ಲಬ್ಬುಗಳು ಅವರನ್ನು ಮೊದಲು ಕಂಡದ್ದು ಮಿಡ್‌ಫೀಲ್ಡರ್‌ಗಳಾಗಿಯೇ. ನಡುಮೈದಾನದ ಗುದ್ದಾಟಕ್ಕೆ ಮೈ ಬಲಿಯುವ ತನಕ ಆಟವನ್ನು ಎದುರಿಗಿಟ್ಟುಕೊಂಡು ಕಲಿಯಲಿ ಎಂದು ಜಾಣ ಹುಡುಗರನ್ನು ಹಾಫ್‌ಬ್ಯಾಕ್‌ನಲ್ಲಿ ಇಡುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಅಲ್ಲಿ ತಯಾರಾಗುತ್ತಿರುವುದು ಮಿಡ್‌ಫೀಲ್ಡರ್.

ಎತ್ತರದ, ಗೋಲು ಕಾಯುವ ಡಿಫೆಂಡರ್‌ಗೆ ಆ ಪ್ರಶಸ್ತಿ ಬಂದದ್ದು ಅಪರೂಪ. 2012ರಲ್ಲಿ ಅಡಿಲೇಡ್‌ನ ಡೇನಿಯಲ್ ಟಾಲಿಯಾ ಗೆದ್ದರು. ಅವರಿಗೆ ಅದು ಕ್ಲಬ್ ಸೇರಿದ ಮೂರನೆಯ ಋತು. 21 ತುಂಬದ, 10ಕ್ಕಿಂತ ಹೆಚ್ಚು ಪಂದ್ಯ ಆಡಿರದ ಹುಡುಗರು ಮುಂದಿನ ವರ್ಷವೂ ಅರ್ಹರು ಎಂಬ ನಿಯಮವಿದ್ದುದರಿಂದ ಅದು ಸಾಧ್ಯವಾಯಿತು. ಈ ಕಸುಬು ಕೈಗೆ ಹತ್ತಲು ಹಿಡಿಯುವ ಕಾಲವೇ ಅಂಥದ್ದು. ಜೀಲಾಂಗ್‌ನ ಮ್ಯಾಥ್ಯೂ ಸ್ಕಾರ್ಲೆಟ್ 1997ರಲ್ಲಿ ಕ್ಲಬ್ಬಿಗೆ ಸೇರಿದವರು, ವರ್ಷದ ಶ್ರೇಷ್ಠ ಆಟಗಾರರ ಆಲ್-ಆಸ್ಟ್ರೇಲಿಯನ್ ತಂಡದಲ್ಲಿ ಮೊದಲು ಹೆಸರು ಬಂದದ್ದು 2003ರಲ್ಲಿ. ರಿಚ್ಮಂಡ್‌ನ ಅಲೆಕ್ಸ್ ರ‍್ಯಾನ್ಸ್ 2007ರ ಡ್ರಾಫ್ಟ್‌ನವರು. 2014ರಲ್ಲಿ ಮೊದಲ ಬಾರಿ ಆ ತಂಡಕ್ಕೆ ಬಂದು, ಬಂದಮೇಲೆ ಐದು ವರ್ಷ ಜಾಗ ಬಿಡಲಿಲ್ಲ. ಆರೇಳು ವರ್ಷ ಬೇಯಬೇಕಾದ ಕೆಲಸವನ್ನು ಹದಿನೆಂಟರಲ್ಲೇ ಶುರು ಮಾಡಿದವನ ಮೊದಲ ಋತುವನ್ನು ಡಿಸ್ಪೋಸಲ್ ಲೆಕ್ಕದಿಂದ ಅಳೆಯುವುದು ತಪ್ಪು ಎಂದು ಹೇಳಲು ಇದಕ್ಕಿಂತ ಬಲವಾದ ಆಧಾರ ಬೇಕೆ?

ಇನ್ನು ನಿಯಮಗಳು. ನನ್ನ ವಾದದಲ್ಲಿ ಅತಿ ಮುಖ್ಯವೆಂದು ನಾನು ನಂಬುವುದು ಇದನ್ನೇ, ಏಕೆಂದರೆ ಇದನ್ನು ಯಾರೂ ಹೊಗಳಿಕೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. 2007ರಲ್ಲಿ ಫಾರ್ವರ್ಡ್‌ನ ಬೆನ್ನಿಗೆ ಡಿಫೆಂಡರ್ ಕೈ ಇಟ್ಟರೂ ತಪ್ಪು ಎಂಬ ಬಿಗಿ ಬಂತು. ಅದು ಸಡಿಲಾದದ್ದು 2019ರಲ್ಲಿ. 2008ರ ಗ್ರ್ಯಾಂಡ್ ಫೈನಲ್‌ನಲ್ಲಿ ಹಾಥಾರ್ನ್ ತಂಡ 11 ಬಾರಿ ತಾನಾಗಿ ಚೆಂಡನ್ನು ತನ್ನದೇ ಗೆರೆ ದಾಟಿಸಿ, ಆರು ಪಾಯಿಂಟ್ ಹೋಗುವ ಕಡೆ ಒಂದನ್ನಷ್ಟೇ ಬಿಟ್ಟುಕೊಟ್ಟಿತು. ಮರುವರ್ಷವೇ ಬೇಕೆಂದು ಹಾಗೆ ಮಾಡಿದರೆ ಫ್ರೀ ಕಿಕ್ ಎಂಬ ನಿಯಮ ಬಂತು. 2016ರಲ್ಲಿ, ವೈಟರಿಂಗ್ ಆಡಲಿಳಿದ ವರ್ಷವೇ, ಚೆಂಡನ್ನು ಬೇಕೆಂದು ಹೊರಗೆ ಹಾಕುವುದರ ಮೇಲೆ ಅಂಪೈರ್‌ಗಳು ಇನ್ನಷ್ಟು ಬಿಗಿಯಾದರು. 2019ರಿಂದ ಪ್ರತಿ ಸಲ ನಡುಮೈದಾನದಿಂದ ಆಟ ಶುರುವಾಗುವಾಗ ಎರಡೂ ತಂಡಗಳು ಆರು ಆರು ಆರರಂತೆ ಮೂರು ಭಾಗದಲ್ಲಿ ನಿಲ್ಲಬೇಕು. ಒಬ್ಬನನ್ನು ಹೆಚ್ಚಾಗಿ ಹಿಂದೆ ನಿಲ್ಲಿಸಿಕೊಳ್ಳುವ ಉಪಾಯ ಅಲ್ಲಿಗೆ ತಪ್ಪಿತು. ಗೋಲು ಹೆಚ್ಚಲಿ, ಜನ ಬರಲಿ ಎಂಬ ಆಸೆ ಇದರ ಹಿಂದಿದೆ. ಆ ಆಸೆಯಲ್ಲಿ ತಪ್ಪಿಲ್ಲ. ಆದರೆ ತಡೆಯುವವನಿಗೆ ಇದ್ದ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

ಇದೇ ಹೊತ್ತಿನಲ್ಲಿ ಚೆಂಡು ದಾಟಿಸುವವನಿಗೆ ಬಾಗಿಲು ತೆರೆಯುತ್ತ ಹೋಯಿತು. ಬಿಹೈಂಡ್ ಆದಮೇಲೆ ಚೆಂಡನ್ನು ಆಟಕ್ಕೆ ತರುವವನು 2019ರಿಂದ ತನಗೆ ತಾನೇ ಒದ್ದುಕೊಳ್ಳದೆ ನೇರ ಓಡಿಬರಬಹುದು. ಅವನೆದುರು ನಿಲ್ಲುವ ಎದುರಾಳಿಯನ್ನು ಆಗ 10 ಮೀಟರ್, 2021ರಲ್ಲಿ 15 ಮೀಟರ್ ದೂರ ಸರಿಸಲಾಯಿತು. ಅದೇ 2021ರಲ್ಲಿ, ಮಾರ್ಕ್ ಹಿಡಿದವನ ಮುಂದೆ ನಿಂತವನು ಅಲುಗಾಡಬಾರದು ಎಂಬ ನಿಯಮ ಬಂದಮೇಲೆ ಹಿಂದಿನ ಸಾಲಿನಿಂದ ಓರೆಯಾಗಿ ಒದೆಯುವ ದಾರಿಗಳು ತೆರೆದುಕೊಂಡವು. ಡೇಕಾಸ್, ಶೀಜೆಲ್ ಬಂದದ್ದು ಇದರ ಮರುವರ್ಷಗಳಲ್ಲಿ. ಅವರ ಸಂಖ್ಯೆಗಳ ಹಿಂದೆ ಅವರ ಪ್ರತಿಭೆ ಇದೆ, ನಿಯಮಪುಸ್ತಕವೂ ಇದೆ. ಎರಡು ಕಾಲದ, ಎರಡು ಕಸುಬಿನ ಹುಡುಗರನ್ನು ಒಂದೇ ಅಳತೆಗೋಲಿಟ್ಟು ನೋಡುವವರು ಇದನ್ನು ಮರೆಯುತ್ತಾರೆ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು, ಅದು ಹಗುರವಾದದ್ದೂ ಅಲ್ಲ. ಒಬ್ಬನ ಬೆನ್ನಿಗೆ ಒಬ್ಬ ಬೀಳುವ ಕಾಲ ಮುಗಿಯಿತು, ಈಗಿನದು ಇಡೀ ತಂಡ ಬಲೆಯಂತೆ ಹರಡಿ ನಿಲ್ಲುವ ಡಿಫೆನ್ಸ್; ಚೆಂಡು ನಮ್ಮ ಕೈಯಲ್ಲಿದ್ದಷ್ಟು ಹೊತ್ತು ಎದುರಾಳಿ ಗೋಲು ಹೊಡೆಯಲಾರ, ಹಾಗಾಗಿ ಚೆನ್ನಾಗಿ ಒದೆಯುವ ಹಾಫ್‌ಬ್ಯಾಕೇ ದೊಡ್ಡ ಡಿಫೆಂಡರ್, ಎನ್ನುತ್ತಾರೆ. ಈ ಚಿಂತನೆಯ ಗುರುಗಳಲ್ಲಿ ಒಬ್ಬರು ಸ್ವತಃ ಕ್ಲಾರ್ಕ್‌ಸನ್. 2008ರಲ್ಲಿ ಹಾಥಾರ್ನ್‌ಗೆ ಅಂಥ ಬಲೆ ಹೆಣೆದು ಕಪ್ ಗೆಲ್ಲಿಸಿದವರು, 2013ರಿಂದ 2015ರ ತನಕ ಮೂರು ವರ್ಷ ಸತತ ಗೆಲ್ಲಿಸಿದವರು ಅವರೇ. ಆ ತಂಡದ ಹಿಂದಿನ ಸಾಲಿನಲ್ಲಿ ಲ್ಯೂಕ್ ಹಾಜ್, ಗ್ರಾಂಟ್ ಬರ್ಚಲ್ ಅವರಂಥ ಅದ್ಭುತ ಒದೆತಗಾರರಿದ್ದರು. ಆದರೆ ಅವರ ಹಿಂದೆ ಯಾರಿದ್ದರು ಎಂದು ಕೇಳಬೇಕು. ಜೋಶ್ ಗಿಬ್ಸನ್ ಇದ್ದರು, ಸ್ಪಾಯ್ಲ್ ಮಾಡುವುದನ್ನೇ ಕಸುಬಾಗಿಸಿಕೊಂಡವರು. ಹಾಥಾರ್ನ್‌ನ ವರ್ಷದ ಶ್ರೇಷ್ಠ ಆಟಗಾರ ಪದಕವನ್ನು 2013 ಮತ್ತು 2015ರಲ್ಲಿ ಗೆದ್ದವರು. ಬ್ರಯಾನ್ ಲೇಕ್ ಇದ್ದರು. 2013ರ ಗ್ರ್ಯಾಂಡ್ ಫೈನಲ್‌ನಲ್ಲಿ ಪಂದ್ಯಶ್ರೇಷ್ಠನಿಗೆ ಸಲ್ಲುವ ನಾರ್ಮ್ ಸ್ಮಿತ್ ಪದಕ ಪಡೆದ ಫುಲ್‌ಬ್ಯಾಕ್. ಬಲೆಗೂ ಗಂಟು ಹಾಕುವವರು ಬೇಕು. ಗಿಬ್ಸನ್ ಹಾಥಾರ್ನ್‌ಗೆ ಬಂದದ್ದು ನಾರ್ತ್ ಮೆಲ್ಬರ್ನ್‌ನಿಂದ. ಅಂಥವರೊಬ್ಬರು 2023ರ ನಾರ್ತ್ ಮೆಲ್ಬರ್ನ್‌ನಲ್ಲಿ ಇದ್ದಿದ್ದರೆ ಶೀಜೆಲ್ ಅವರ ಒದೆತಗಳಿಗೆ ಇನ್ನಷ್ಟು ಬೆಲೆ ಬರುತ್ತಿತ್ತು ಎಂದು ನನಗನ್ನಿಸುತ್ತದೆ.

ಶೀಜೆಲ್ ಅವರಿಗೂ ಕ್ಲಬ್ ಪದಕ ಬಂದಿತಲ್ಲ, ಕ್ಲಬ್ಬಿನವರಿಗೆ ಗೊತ್ತಿಲ್ಲವೆ ಎಂದು ಕೇಳಬಹುದು. ಅವರು ಆ ವರ್ಷ ನಾರ್ತ್ ಮೆಲ್ಬರ್ನ್‌ನ ಶ್ರೇಷ್ಠ ಆಟಗಾರ ಎಂಬುದು ನಿಜ. ಶ್ರೇಷ್ಠ ಆಟಗಾರನಾಗಲು ಶ್ರೇಷ್ಠ ಡಿಫೆಂಡರ್ ಆಗಿರಬೇಕಿಲ್ಲ. ವೈಟರಿಂಗ್ 2020ರಲ್ಲಿ ಕಾರ್ಲ್ಟನ್‌ನ ಅಂಥದೇ ಪದಕ ಗೆದ್ದರು, ಅದೂ ಗೋಲಿನ ಬಾಯಲ್ಲಿ ನಿಂತೇ. ಹೊರಗಿನ ಮತದಾರರಿಗೆ ಈ ಕಣ್ಣು ಇನ್ನೂ ಬಂದಿಲ್ಲ. ಅಂಪೈರ್‌ಗಳು ಮತ ಹಾಕುವ, ಲೀಗಿನ ಅತಿ ದೊಡ್ಡ ಗೌರವವಾದ ಬ್ರೌನ್ಲೋ ಪದಕವನ್ನು ಡಿಫೆಂಡರ್ ಒಬ್ಬರು ಕೊನೆಯ ಬಾರಿ ಗೆದ್ದದ್ದು 1993ರಲ್ಲಿ, ಎಸೆಂಡನ್‌ನ ಗ್ಯಾವಿನ್ ವಂಗನೀನ್. ಅವರೂ ಚೆಂಡು ಹಿಡಿದು ಓಡುವ ಡಿಫೆಂಡರ್ ಆಗಿದ್ದರು. ಜನರ ನೆನಪಿನಲ್ಲಿ ಉಳಿದ ಡಿಫೆಂಡರ್‌ನ ಒಂದು ಕ್ಷಣ ಎಂದರೆ 2005ರ ಗ್ರ್ಯಾಂಡ್ ಫೈನಲ್‌ನ ಕೊನೆಯ ಕ್ಷಣಗಳಲ್ಲಿ ಲಿಯೋ ಬ್ಯಾರಿ ಗುಂಪಿನ ಮೇಲೆ ಎಗರಿ ಹಿಡಿದ ಮಾರ್ಕ್. ಸಿಡ್ನಿ 4 ಪಾಯಿಂಟ್‌ಗಳಿಂದ ಗೆದ್ದು 72 ವರ್ಷದ ಬರ ನೀಗಿಸಿಕೊಂಡಿತು. ಅದು ಉಳಿದದ್ದು ಅವರು ಚೆಂಡು ಹಿಡಿದರು ಎಂಬ ಕಾರಣಕ್ಕೆ. ಹಿಡಿಯದೆ ಅಂಚಿನ ಆಚೆ ಗುದ್ದಿದ್ದರೂ ಸಿಡ್ನಿಯೇ ಗೆಲ್ಲುತ್ತಿತ್ತೇನೋ, ಆದರೆ ಆ ಚಿತ್ರ ಯಾರ ಗೋಡೆಯ ಮೇಲೂ ಇರುತ್ತಿರಲಿಲ್ಲ.

ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಅಂಕಿಅಂಶದವರು ಚೆಂಡು ಮುಟ್ಟಿದ್ದನ್ನು ಎಣಿಸುತ್ತಾರೆ, ಮತದಾರರು ಅಂಕಿಗಳನ್ನು ನೋಡುತ್ತಾರೆ. ಸ್ಪಾಯ್ಲ್‌ಗಳನ್ನೂ ಯಾರೋ ಎಣಿಸುತ್ತಾರೆ, ನಿಜ. ಆದರೆ ಡಿಫೆಂಡರ್ ಸರಿಯಾದ ಜಾಗದಲ್ಲಿ ನಿಂತಿದ್ದಾನೆಂದು ಕಂಡು ಮಿಡ್‌ಫೀಲ್ಡರ್ ಆ ಕಡೆ ಒದೆಯದೇ ಬಿಟ್ಟದ್ದಕ್ಕೆ ಕೋಷ್ಟಕದಲ್ಲಿ ಜಾಗವಿಲ್ಲ. ಒಳ್ಳೆಯ ಡಿಫೆಂಡರ್‌ನ ಒಳ್ಳೆಯ ದಿನ ಎಂದರೆ ಬಹುಪಾಲು ಇದೇ. ಮುಂದಿನ ಸಲ ಯಾವುದಾದರೂ ಎಳೆಯ ಹಾಫ್‌ಬ್ಯಾಕ್‌ಗೆ 30 ಡಿಸ್ಪೋಸಲ್ ಬಂತೆಂದು ಹೊಗಳಿಕೆ ಕೇಳಿದರೆ ಅವನು ಕಾಯಬೇಕಾಗಿದ್ದ ಎದುರಾಳಿ ಎಷ್ಟು ಗೋಲು ಹೊಡೆದ ಎಂದೂ ವಿಚಾರಿಸಿ.

ಮೆಲ್ಬರ್ನ್, ಸಿಡ್ನಿ, ಅಡಿಲೇಡ್, ಪರ್ತ್‌ಗಳಲ್ಲಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ. ಮಕ್ಕಳನ್ನು ಕರೆದುಕೊಂಡು ಪಂದ್ಯಕ್ಕೆ ಹೋದಾಗ ಪಕ್ಕದ ಸ್ಟ್ಯಾಂಡ್ ಬಿಟ್ಟು ಗೋಲುಕಂಬಗಳ ಹಿಂದೆ ಟಿಕೆಟ್ ತೆಗೆದುಕೊಳ್ಳಿ. ನಿಮ್ಮ ಕಡೆಯ ಗೋಲು ಕಾಯುತ್ತಿರುವವರಲ್ಲಿ ಎಲ್ಲರಿಗಿಂತ ಕಿರಿಯ ಡಿಫೆಂಡರ್ ಯಾರೆಂದು ಕೇಳಿ ತಿಳಿದುಕೊಂಡು, ಒಂದು ಇಡೀ ಕ್ವಾರ್ಟರ್ ಚೆಂಡನ್ನು ಮರೆತು ಅವನೊಬ್ಬನನ್ನೇ ನೋಡಿ.